ಪಂಪು ಮೊದಲಾ, ಸೆನ್ಸರ್ ಮೊದಲಾ?

ಮಗಳಿಗೆ ಟೈಪ್ 1 ಡಯಾಬಿಟಿಸ್, ಅಂದರೆ ಇನ್ಸುಲಿನ್ ಹೊರಗಿನಿಂದಲೇ ಕೊಡಬೇಕು. ಬೆರಳು ಚುಚ್ಚಿ ಶುಗರ್ ನೋಡುವ ಮೀಟರು, ಮೈಗೆ ಅಂಟಿಸಿದರೆ ಶುಗರ್ ತೋರಿಸುತ್ತಲೇ ಇರುವ ಸೆನ್ಸರು, ಇನ್ಸುಲಿನ್ ಚುಚ್ಚುವ ಪೆನ್ನು, ಮೈಗೆ ಸಿಕ್ಕಿಸಿದರೆ ಇನ್ಸುಲಿನ್ ಹರಿಸುತ್ತಲೇ ಇರುವ ಪಂಪು ಎಲ್ಲವನ್ನೂ ಬಳಸಿ ನೋಡಿದ್ದೇವೆ. ಒಂದನ್ನೇ ಹೊಸದಾಗಿ ತರುವುದಾದರೆ ನಾನು ಸೆನ್ಸರ್ ಅನ್ನುತ್ತೇನೆ. ನಮ್ಮವರ ಓಟು ಪಂಪಿಗೆ.

ಮೀಟರು ಹೇಳುವುದು ಆ ಹೊತ್ತಿನ ಅಂಕಿ ಮಾತ್ರ. ಮಲಗುವ ಮುಂಚೆ 110 ಅಂತ ತೋರಿಸಿತು ಅನ್ನಿ. ಏರುತ್ತಿದೆಯಾ, ಇಳಿಯುತ್ತಿದೆಯಾ? ಇಳಿಯುತ್ತಿದ್ದರೆ ರಾತ್ರಿ ಲೋ ಆಗಬಹುದು, ಅಂದರೆ ಶುಗರ್ 70ಕ್ಕಿಂತ ಕೆಳಗಿಳಿಯಬಹುದು. ಸೆನ್ಸರಿನಲ್ಲಿ ಬಾಣದ ಗುರುತು ಅದನ್ನು ತೋರಿಸುತ್ತದೆ. 80ಕ್ಕೆ ಅಲಾರಂ ಇಟ್ಟರೆ ಸಾಮಾನ್ಯವಾಗಿ 70ಕ್ಕಿಂತ ಕೆಳಗೆ ಹೋಗುವ ಮೊದಲೇ ಎಚ್ಚರಿಸುತ್ತದೆ. ನಿದ್ದೆಯಲ್ಲಿರುವ ಮಗುವಿನ ಬೆರಳು ಚುಚ್ಚುವುದು ಬಹಳ ಕಡಿಮೆಯಾಯಿತು.

ಹಾಗಂತ ಅದು ಹೇಳಿದ್ದೆಲ್ಲ ವೇದವಾಕ್ಯ ಅಲ್ಲ. ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದ ಕೆಳಗಿನ ದ್ರವದಲ್ಲಿರುವ ಗ್ಲೂಕೋಸನ್ನು. ಶುಗರ್ ಬೇಗ ಏರಿಳಿಯುವಾಗ ಅದು ಕೆಲವು ನಿಮಿಷ ಹಿಂದೆಯೇ ಇರುತ್ತದೆ. ಲೋ ಆದಾಗ ಗ್ಲೂಕೋಸ್ ಕೊಟ್ಟು 15 ನಿಮಿಷ ಕಾದರೂ ಇನ್ನೂ ಕಡಿಮೆಯೇ ತೋರಿಸುತ್ತಿರಬಹುದು. ಅದನ್ನು ನಂಬಿ ಮತ್ತೆ ಮತ್ತೆ ಕೊಟ್ಟರೆ ಆಮೇಲೆ ಶುಗರ್ ಜಾಸ್ತಿ. ಸೆನ್ಸರ್ ಇರುವ ತೋಳನ್ನು ಒತ್ತಿಕೊಂಡು ಮಲಗಿದರೆ ಸುಳ್ಳು ಲೋ ಬೇರೆ. (ನಡುರಾತ್ರಿ ಅಲಾರಂ ಕೇಳಿ ಓಡಿದವರಿಗೇ ಗೊತ್ತು!) ಅಂಕಿಗೂ ಮಗಳ ಮುಖಕ್ಕೂ ತಾಳೆಯಾಗದಿದ್ದರೆ ಮೀಟರೇ ಗತಿ. ಅದಕ್ಕೂ ಮೊದಲು ಕೈ ತೊಳೆಸುತ್ತೇವೆ. ಬೆರಳಿಗೆ ಸಿಹಿ ಅಂಟಿದ್ದರೆ ಮೀಟರೂ ಸುಳ್ಳು ಹೇಳುತ್ತೆ, ಅಲ್ವಾ?

ಪಂಪಿನ ಬಗ್ಗೆ ನಮ್ಮವರ ವಾದದಲ್ಲಿ ಹುರುಳಿದೆ. ಮಕ್ಕಳ ಪೆನ್ನಿನಲ್ಲೂ ಅರ್ಧ ಯೂನಿಟ್‌ಗಿಂತ ಚಿಕ್ಕ ಡೋಸ್ ಇಲ್ಲ. ಪಂಪಿನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಕೊಡಬಹುದು. ಆಟದ ಹೊತ್ತಿಗೆ ಬೇಸಲ್ (ದಿನವಿಡೀ ಸ್ವಲ್ಪ ಸ್ವಲ್ಪವೇ ಹೋಗುವ ಇನ್ಸುಲಿನ್) ತಗ್ಗಿಸಬಹುದು. ಊಟಕ್ಕೊಮ್ಮೆ ಚುಚ್ಚಬೇಕಾಗಿಲ್ಲ, ಎರಡು ಮೂರು ದಿನಕ್ಕೊಮ್ಮೆ ಸೆಟ್ (ಪಂಪಿನಿಂದ ಮೈಗೆ ಇನ್ಸುಲಿನ್ ತರುವ ನಳಿಕೆ, ಸೂಜಿ) ಬದಲಿಸಿದರಾಯಿತು.

ನನ್ನ ಭಯ ಬೇರೆಯದು. ಪಂಪಿನಲ್ಲಿರುವುದು ಬೇಗ ಕೆಲಸ ಮಾಡಿ ಬೇಗ ಮುಗಿಯುವ ಇನ್ಸುಲಿನ್ ಮಾತ್ರ. ಪೆನ್ನಿನಲ್ಲಿ ಕೊಡುವಂಥ, ದಿನವಿಡೀ ನಿಲ್ಲುವ ಇನ್ಸುಲಿನ್ ಮೈಯಲ್ಲಿ ಇರುವುದಿಲ್ಲ. ನಳಿಕೆ ಮಡಚಿಕೊಂಡರೆ, ಸೂಜಿ ಜಾಗದಿಂದ ಕಿತ್ತುಬಂದರೆ ಕೆಲವೇ ಗಂಟೆಗಳಲ್ಲಿ ಕೀಟೋನ್ (ಇನ್ಸುಲಿನ್ ಸಾಲದಾದಾಗ ರಕ್ತದಲ್ಲಿ ಹೆಚ್ಚುವ ಆಮ್ಲ, ಜಾಸ್ತಿಯಾದರೆ ಅಪಾಯ) ಏರತೊಡಗುತ್ತದೆ. ಅದಕ್ಕೇ ಪಂಪಿದ್ದರೂ ಪೆನ್ನು ಮತ್ತು ಕೀಟೋನ್ ಸ್ಟ್ರಿಪ್ ಬ್ಯಾಗಿನಲ್ಲಿ ಇರಲೇಬೇಕು. ಶುಗರ್ ಏರುತ್ತಿರುವುದು ಬೇಗ ಗೊತ್ತಾಗಬೇಕಾದರೆ ಮತ್ತೆ ಸೆನ್ಸರೇ ಬೇಕು!

ಮಗಳಿಗೆ ಈ ಚರ್ಚೆಯೆಲ್ಲ ಬೋರು. ಮೈಮೇಲೆ ಎರಡೆರಡು ಅಂಟಿಸಬೇಡಿ ಅನ್ನುವುದಷ್ಟೇ ಅವಳ ಷರತ್ತು. ಹಾಗಾಗಿ ಸದ್ಯಕ್ಕೆ ಸೆನ್ಸರ್ ಮತ್ತು ಪೆನ್ನು. ಸೆನ್ಸರ್ ನೋಡಿಕೊಂಡು ತಾನೇ ಇನ್ಸುಲಿನ್ ಹೊಂದಿಸುವ ಪಂಪಿನ ಬಗ್ಗೆ ಡಾಕ್ಟರ ಹತ್ತಿರ ಕೇಳಬೇಕು ಅಂತ ನಮ್ಮವರು ಬರೆದಿಟ್ಟುಕೊಂಡಿದ್ದಾರೆ. ಅದರಲ್ಲೂ ಊಟದ ಕಾರ್ಬ್ (ಪಿಷ್ಟ, ಸಕ್ಕರೆ) ಲೆಕ್ಕ ಸಾಮಾನ್ಯವಾಗಿ ನಾವೇ ಹಾಕಬೇಕು ಅಂತ ನಾನು ಕೆಳಗೆ ಸೇರಿಸಿದ್ದೇನೆ.