ಎರಡು ನಕ್ಷತ್ರ, ಒಂದು ಒಬ್ಬಟ್ಟು

"ನಿಮ್ಮ ಅನುಭವ ಹೇಗಿತ್ತು?" ಎಂದು ಈ ಸಾಕುಪ್ರಾಣಿ ಆಸ್ಪತ್ರೆಯಿಂದ ನನ್ನ ಮೊಬೈಲಿಗೆ ಮೂರು ಸಲ ಸಂದೇಶ ಬಂದಿದೆ. ಸಹಕಾರಿ ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಲೆಕ್ಕ ಬರೆದವಳು ನಾನು. ಕೇಳಿದ್ದಾರೆ, ರಸೀದಿ ಮುಂದಿಟ್ಟುಕೊಂಡೇ ಹೇಳುತ್ತೇನೆ.

ನಮ್ಮ ನಾಯಿ ಕೆಂಪಿಗೆ ಎಂಟು ವರ್ಷ. ಬೀದಿಯಿಂದ ತಂದ ಮರಿ, ಈಗ ಹತ್ತೊಂಬತ್ತು ಕಿಲೋ. ಆಯುಧ ಪೂಜೆಯ ಮರುದಿನ ಅನ್ನ ಬಿಟ್ಟಳು, ವಾಂತಿ ಮಾಡಿಕೊಂಡಳು, ಬಕೆಟ್ಟಿಗೆ ಮುಖ ಹಾಕಿ ನೀರು ಕುಡಿಯತೊಡಗಿದಳು. "ಹಬ್ಬದಲ್ಲಿ ಏನಾದರೂ ತಿನ್ನಿಸಿದಿರಾ?" ಎಂದರು ಇಲ್ಲಿನ ಯುವ ವೈದ್ಯರು. ಅರ್ಧ ಒಬ್ಬಟ್ಟು ಎಂದು ನಿಜ ಹೇಳಿಬಿಟ್ಟೆ. ಅಲ್ಲಿಗೆ ಅದು ಗ್ಯಾಸ್ಟ್ರಿಕ್ ಎಂದು ತೀರ್ಮಾನವಾಯಿತು. ನೀರಿನ ವಿಷಯ ಎರಡು ಬಾರಿ ಹೇಳಿದೆ. ಕಂಪ್ಯೂಟರಿನಲ್ಲಿ "ವಾಂತಿ" ಎಂದಷ್ಟೇ ಬರೆದುಕೊಂಡರು. 2,150 ರೂಪಾಯಿ.

ಮೂರನೆಯ ದಿನ ಇನ್ನೊಬ್ಬ ವೈದ್ಯರು. ರಕ್ತಪರೀಕ್ಷೆ, ಡ್ರಿಪ್, 7,200. ವರದಿಯಲ್ಲಿ ಬಿಳಿ ರಕ್ತಕಣ 41,000 ಎಂದು ದಪ್ಪ ಅಕ್ಷರದಲ್ಲಿತ್ತು. ನಾಯಿಗೆ ಸುಮಾರು 6,000ದಿಂದ 17,000 ಇರಬೇಕಾದ ಸಂಖ್ಯೆ ಅದು. "ಎಲ್ಲೋ ಸೋಂಕಿದೆ" ಎಂದರು. ಆ "ಎಲ್ಲೋ" ಎಲ್ಲಿ ಎಂದು ಹುಡುಕುವ ಆತುರ ಯಾರಿಗೂ ಕಾಣಲಿಲ್ಲ. ಆರನೆಯ ದಿನ ಮೂರನೆಯ ವೈದ್ಯರು ಟಿಕ್ ಫೀವರ್ ಇರಬಹುದೆಂದು ಉಣುಗಿನ ರೋಗದ ಪರೀಕ್ಷೆ ಬರೆದರು, ಜೊತೆಗೆ ಹೊಟ್ಟೆಯ ಎಕ್ಸ್-ರೇ. 6,900. ಉಣುಗಿನ ರೋಗ ಇಲ್ಲವೆಂದು ಬಂತು. ಎಕ್ಸ್-ರೇ ನೋಡಿ "ಗ್ಯಾಸ್" ಎಂದರು. ಬಾಗಿಲಲ್ಲಿ "ಅಲ್ಟ್ರಾಸೌಂಡ್ ಸೌಲಭ್ಯವಿದೆ" ಎಂಬ ಫಲಕವಿದೆ. ಸ್ಕ್ಯಾನ್ ಮಾಡುವವರು ಮಂಗಳವಾರ ಮತ್ತು ಶುಕ್ರವಾರ ಮಾತ್ರ ಬರುತ್ತಾರೆ ಎಂಬುದನ್ನು ಫಲಕ ಹೇಳುವುದಿಲ್ಲ. ಎಂಟನೆಯ ದಿನ ಒಂದು ರಾತ್ರಿ "ನಿಗಾ"ಕ್ಕೆ ಇರಿಸಿಕೊಂಡು 8,500 ಪಡೆದರು. ಬೆಳಿಗ್ಗೆ ಹೋದಾಗ ಅವಳು ಬಾಲ ಕೂಡ ಅಲ್ಲಾಡಿಸಲಿಲ್ಲ.

ಒಟ್ಟು 24,750.

ಅಲ್ಲಿಂದ ನೇರವಾಗಿ ಆಟೋದಲ್ಲಿ ಯಲಹಂಕ ಕಡೆಯ ಒಂದು ಸಣ್ಣ ಕ್ಲಿನಿಕ್ಕಿಗೆ ಹೋದೆ. ಎರಡು ಬೆಂಚು, ಒಂದು ಫ್ಯಾನು, ಒಬ್ಬರೇ ವೈದ್ಯೆ. ಅವರು ಕೆಂಪಿಯ ಒಸಡು ನೋಡಿ, ಹೊಟ್ಟೆ ಮುಟ್ಟಿ, ಕೇಳಿದ ಮೊದಲ ಪ್ರಶ್ನೆ: "ಅಮ್ಮಾ, ಇವಳು ಬೆದೆಗೆ ಬಂದು ಎಷ್ಟು ದಿನ ಆಯಿತು?"

ನನಗೆ ತಾರೀಖು ಸಹಿತ ಗೊತ್ತಿತ್ತು. ಗೌರಿ ಹಬ್ಬದ ಹಿಂದಿನ ವಾರ. ಬೀದಿಯ ಗಂಡುನಾಯಿಗಳೆಲ್ಲ ಗೇಟಿನ ಮುಂದೆ ಧರಣಿ ಕೂತು ನನಗೆ ರಂಗೋಲಿ ಹಾಕಲು ಬಿಟ್ಟಿರಲಿಲ್ಲ. ನಮ್ಮಜ್ಜಿ ಹಟ್ಟಿಯ ಪ್ರತಿ ಹಸುವಿನ ಬೆದೆಯ ದಿನವನ್ನೂ ಬೆರಳಲ್ಲಿ ಎಣಿಸಿ ಇಟ್ಟುಕೊಳ್ಳುತ್ತಿದ್ದರು. ಅಷ್ಟು ಸಾಧಾರಣ ಪ್ರಶ್ನೆಯನ್ನು ಒಂಬತ್ತು ದಿನಗಳಲ್ಲಿ ಮೂವರೂ ಕೇಳಿರಲಿಲ್ಲ. ಇನ್ನೂ ಹೊಟ್ಟೆ ಉರಿಯುವುದೆಂದರೆ, ಮೊದಲ ದಿನ ತುಂಬಿಸಿಕೊಂಡ ಅರ್ಜಿಯಲ್ಲೇ "ಸಂತಾನಹರಣ ಆಗಿದೆಯೇ?" ಎಂಬ ಸಾಲಿತ್ತು. "ಇಲ್ಲ" ಎಂದು ನಾನೇ ಗುರುತು ಹಾಕಿದ್ದೆ.

ಹತ್ತು ನಿಮಿಷದ ಸ್ಕ್ಯಾನಿನಲ್ಲಿ ಗೊತ್ತಾಯಿತು: ಪಯೋಮೆಟ್ರಾ, ಗರ್ಭಕೋಶದ ತುಂಬ ಕೀವು. ಬೆದೆ ಮುಗಿದ ಒಂದೆರಡು ತಿಂಗಳಲ್ಲಿ, ವಯಸ್ಸಾದ ಹೆಣ್ಣುನಾಯಿಗಳಲ್ಲಿ ಇದು ಬರುತ್ತದಂತೆ. ವಿಷ ಮೂತ್ರಪಿಂಡದ ಕೆಲಸ ಕೆಡಿಸುವುದರಿಂದಲೇ ಆ ಬಾಯಾರಿಕೆ. ಗರ್ಭಕೋಶದ ಬಾಯಿ ಮುಚ್ಚಿಕೊಂಡಿದ್ದರಿಂದ ಹೊರಗೆ ಒಂದು ಹನಿಯೂ ಕಾಣಲಿಲ್ಲ. ಅಂದೇ ಸಂಜೆ ಶಸ್ತ್ರಚಿಕಿತ್ಸೆ. ತೆಗೆದ ಗರ್ಭಕೋಶ 1.8 ಕಿಲೋ ತೂಗಿತು. ಸ್ಕ್ಯಾನಿಗೆ 1,200, ಶಸ್ತ್ರಚಿಕಿತ್ಸೆ ಮತ್ತು ಮೂರು ದಿನದ ಔಷಧಕ್ಕೆ 19,500. ಅದೂ ಸಣ್ಣ ಮೊತ್ತವಲ್ಲ, ಆದರೆ ಯಾವುದಕ್ಕೆ ಕೊಟ್ಟೆ ಎಂದು ನನಗೆ ಗೊತ್ತು.

ನನ್ನ ತಪ್ಪೂ ಇದೆ. ಸಂತಾನಹರಣ ಮಾಡಿಸಿದ್ದರೆ ಈ ಕಾಯಿಲೆಯೇ ಬರುತ್ತಿರಲಿಲ್ಲ. "ಪಾಪ, ಯಾಕೆ ಕೊಯ್ಯಿಸುವುದು" ಎಂದು ವರ್ಷ ವರ್ಷ ಮುಂದೂಡಿದವಳು ನಾನೇ. ರೋಗ ಗುರುತಿಸುವಲ್ಲಿ ಯಾರಾದರೂ ಎಡವಬಹುದು, ಅದನ್ನೂ ಒಪ್ಪುತ್ತೇನೆ. ಆದರೆ ಪ್ರತಿ ಸಲ ಹೊಸ ವೈದ್ಯರು, ಪ್ರತಿ ಸಲ ಮೊದಲಿನಿಂದ ಕಥೆ, ಪ್ರತಿ ಸಲ 800 ರೂಪಾಯಿ ಸಮಾಲೋಚನಾ ಶುಲ್ಕ! ಹಿಂದಿನವರು ಬರೆದದ್ದನ್ನು ಓದಲೂ ಆಗದಿದ್ದರೆ ಆ ಕಂಪ್ಯೂಟರ್ ಯಾತಕ್ಕೆ?

ಎರಡು ನಕ್ಷತ್ರ ಕೊಟ್ಟಿದ್ದೇನೆ. ಒಂದು, ಸ್ವಚ್ಛತೆಗೆ. ಇನ್ನೊಂದು, ರಾತ್ರಿ ಪಾಳಿಯ ಸಹಾಯಕ ಹುಡುಗನಿಗೆ. ಕೆಂಪಿಯನ್ನು ಮಗುವಿನಂತೆ ಎತ್ತಿ ಆಟೋದಲ್ಲಿ ಮಲಗಿಸಿದವನು ಅವನೇ. "ಬೇರೆ ಕಡೆ ಒಮ್ಮೆ ಸ್ಕ್ಯಾನ್ ಮಾಡಿಸಿ ಅಮ್ಮಾ" ಎಂದು ಮೆಲ್ಲಗೆ ಹೇಳಿದವನೂ ಅವನೇ.

ಗುರುವಾರ ಹೊಲಿಗೆ ಬಿಚ್ಚುತ್ತಾರೆ. ಕೆಂಪಿ ಈಗ ಅನ್ನ ತಿನ್ನುತ್ತಿದ್ದಾಳೆ, ಕೊರಳಿಗೆ ಹಾಕಿದ ಪ್ಲಾಸ್ಟಿಕ್ ಲಾಳಿಕೆಯನ್ನು ಗೋಡೆಗೆಲ್ಲ ಗುದ್ದುತ್ತಿದ್ದಾಳೆ. ಆ "ಗ್ಯಾಸ್" ಎಕ್ಸ್-ರೇಯ ಪ್ರತಿ ಬೇಕೆಂದು ನಿನ್ನೆ ಆಸ್ಪತ್ರೆಗೆ ಫೋನ್ ಮಾಡಿದ್ದೆ. ಸಿಡಿಗೆ ಬೇರೆ 300 ರೂಪಾಯಿಯಂತೆ.