ಅರ್ಧ ದಿನದ ಕೆಲಸ ಕೇಳುವ ಮುನ್ನ ಆರೋಗ್ಯ ವಿಮೆಯಲ್ಲಿ ನಿಮ್ಮ ಹೆಸರು ಉಳಿಯುತ್ತದೆಯೇ ನೋಡಿಕೊಳ್ಳಿ

ದಾವಣಗೆರೆಯ ಖಾಸಗಿ ಸಂಸ್ಥೆಗಳಲ್ಲಿ ದುಡಿಯುತ್ತಿರುವ, ಮೂತ್ರಪಿಂಡದ ತೊಂದರೆಯೋ ನನ್ನಂತೆ ರುಮಟಾಯ್ಡ್ ಸಂಧಿವಾತವೋ ಇರುವ, ಇನ್ನು ಇಡೀ ದಿನ ಕೂರಲಾಗದು ಎಂದು ಅರ್ಧ ದಿನದ ಕೆಲಸ ಕೇಳಬೇಕೆಂದಿರುವ ಎಲ್ಲರೂ ದಯವಿಟ್ಟು ಇದನ್ನು ಓದಿದ ಮೇಲೆ ಅರ್ಜಿ ಬರೆಯಿರಿ. ಗಂಟೆ ಕಡಿಮೆಯಾದರೆ ಸಂಬಳ ಕಡಿಮೆಯಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ವಿಮೆಯೂ ಹೋಗುತ್ತದೆ ಎಂದು ನನಗೆ ಯಾರೂ ಹೇಳಲಿಲ್ಲ. ಹೋಗುವುದಿಲ್ಲ ಎಂದೇ ಹೇಳಿದರು, ಕೇಳಿದಾಗಲೆಲ್ಲ ಹಾಗೆಯೇ ಹೇಳಿದರು.

ಬಿತ್ತನೆ ಬೀಜದ ವಹಿವಾಟು ನಡೆಸುವ ಒಂದು ಸಂಸ್ಥೆಯ ದಾಖಲೆ ವಿಭಾಗದಲ್ಲಿ ನನ್ನ ಕೆಲಸ. ಬೆಳಗಿನ ಹೊತ್ತು ಬೆರಳಿನ ಗೆಣ್ಣುಗಳು ಬಿಗಿದುಕೊಂಡು ಟೂತ್‌ಪೇಸ್ಟಿನ ಮುಚ್ಚಳ ತಿರುಗಿಸುವುದೂ ಕಷ್ಟ. ಹನ್ನೊಂದು ಗಂಟೆಯ ಮೇಲೆ ಕೈ ಸ್ವಲ್ಪ ಸಡಿಲವಾಗುತ್ತದೆ. ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್, ಅದರ ಜೊತೆಗೆ ಫೋಲಿಕ್ ಆಸಿಡ್ ನುಂಗುತ್ತಿದ್ದೆ. ಅದು ಸಾಲದಾದಾಗ ವೈದ್ಯರು ರಿಟುಕ್ಸಿಮ್ಯಾಬ್ ಬರೆದರು. ಆಸ್ಪತ್ರೆಯಲ್ಲಿ ಮಲಗಿಸಿ ಡ್ರಿಪ್‌ನಲ್ಲಿ ಕೊಡುವ, ಎರಡು ವಾರದ ಅಂತರದಲ್ಲಿ ಎರಡು ಸಲ ಕೊಟ್ಟು ತಿಂಗಳುಗಳ ನಂತರ ಮತ್ತೆ ಕೊಡಬೇಕಾಗುವ ಔಷಧಿ ಅದು. ಸಂಸ್ಥೆಯ ಗುಂಪು ವಿಮೆಯಲ್ಲಿ ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ರಕ್ಷಣೆ ಇದ್ದುದರಿಂದ ಆ ಖರ್ಚು ವಿಮೆಯಿಂದಲೇ ಹೋಗುತ್ತಿತ್ತು. ನಿಜ ಹೇಳಬೇಕೆಂದರೆ ನಾನು ಈ ಕೆಲಸ ಬಿಡದೆ ಹಿಡಿದುಕೊಂಡಿದ್ದುದೇ ಆ ಒಂದು ಕಾರಣಕ್ಕೆ, ಮತ್ತು ಅದು ಮಾನವ ಸಂಪನ್ಮೂಲದ ಅಧಿಕಾರಿಗೆ ಚೆನ್ನಾಗಿ ಗೊತ್ತಿತ್ತು.

ಅರ್ಧ ದಿನ ಕೇಳಲು ಹೋದಾಗ ನಾನು ಮೊದಲು ಎತ್ತಿದ್ದು ಸಂಬಳದ ಮಾತಲ್ಲ, ವಿಮೆಯ ಮಾತು. ಅವರು ನಗುತ್ತಲೇ, "ಮೇಡಂ, ಪಾಲಿಸಿ ಎಲ್ಲೂ ಹೋಗಂಗಿಲ್ಲ, ಟೈಮ್ ಅಷ್ಟೇ ಕಡಿಮೆ ಆಗ್ತತಿ, ನೀವು ಆರಾಮಾಗಿರ್ರಿ" ಎಂದರು. ಆಮೇಲೆ ಬಂದ ಪತ್ರದಲ್ಲಿ ನನ್ನನ್ನು "ಅರೆಕಾಲಿಕ ಸಲಹೆಗಾರರು" ಎಂದು ಬರೆದಿತ್ತು. ಬೀಜದ ಲಾಟಿನ ದಾಖಲೆ ಬರೆಯುವವಳು ಯಾರಿಗೆ ಏನು ಸಲಹೆ ಕೊಡಬೇಕೋ ದೇವರಿಗೇ ಗೊತ್ತು. ಸಂಬಳದ ಜಾಗದಲ್ಲಿ ಶುಲ್ಕ, ಭವಿಷ್ಯನಿಧಿಯ ಜಾಗದಲ್ಲಿ ಶೇ 10ರ ಟಿಡಿಎಸ್, ಅಂದರೆ ಹಣ ಕೊಡುವ ಮುನ್ನವೇ ಮುರಿದುಕೊಳ್ಳುವ ತೆರಿಗೆ. ಹೀಗೇಕೆ ಎಂದು ಕೇಳಿದ್ದಕ್ಕೆ "ಅದು ಆಡಿಟ್ ಸಲುವಾಗಿ ಮೇಡಂ, ಕಾಗದದಾಗೆ ಅಷ್ಟೇ" ಎಂಬ ಉತ್ತರ ಬಂತು. ಹಾಗಾದರೆ ವಿಮೆ ಎಂದು ಮತ್ತೆ ಕೇಳಿದೆ. ನನ್ನ ಮೊಬೈಲನ್ನೇ ಈಸಿಕೊಂಡು, ಅದರಲ್ಲಿದ್ದ ವಿಮಾ ಕಾರ್ಡ್ ತೆರೆದು, ಅವಧಿ ಮುಗಿಯುವ ದಿನಾಂಕದ ಮೇಲೆ ಬೆರಳಿಟ್ಟು "ಇಲ್ಲಿ ನೋಡ್ರಿ, ಮಾರ್ಚ್ ತನಕ ಐತಿ" ಎಂದು ತೋರಿಸಿದರು. ಆ ಬೆರಳು ಈಗಲೂ ಕಣ್ಣ ಮುಂದೆ ಇದೆ.

ಮುಂದಿನ ಸುತ್ತಿನ ಡ್ರಿಪ್‌ಗೆಂದು ಆಸ್ಪತ್ರೆಗೆ ಹೋಗಿ, ಕೈಗೆ ಪಟ್ಟಿ ಕಟ್ಟಿಸಿಕೊಂಡು, ವಿಮಾ ಕೌಂಟರಿನಲ್ಲಿ ಅದೇ ಕಾರ್ಡ್ ತೋರಿಸಿದೆ. ಅಲ್ಲಿದ್ದ ಹುಡುಗ ಸಂಖ್ಯೆ ಹೊಡೆದ, ಮತ್ತೊಮ್ಮೆ ಹೊಡೆದ, ಆಮೇಲೆ ಪರದೆಯನ್ನು ಸ್ವಲ್ಪ ನನ್ನ ಕಡೆಗೆ ತಿರುಗಿಸಿ, ಹಿಂದೆ ನಿಂತವರಿಗೆ ಕೇಳಿಸದಂತೆ ದನಿ ತಗ್ಗಿಸಿ "ಅಕ್ಕಾ, ನಿಮ್ಮ ಹೆಸ್ರು ಡಿಲೀಟ್ ಆಗೇತಿ" ಎಂದ. ಹೊಸ ಪತ್ರಕ್ಕೆ ಸಹಿ ಹಾಕಿದ ತಿಂಗಳಲ್ಲೇ ಸಂಸ್ಥೆ ನನ್ನ ಹೆಸರನ್ನು ಪಟ್ಟಿಯಿಂದ ತೆಗೆಸಿತ್ತು. ಕಾರ್ಡಿನ ಚಿತ್ರ ಮೊಬೈಲಿನಲ್ಲಿ ಹಾಗೆಯೇ ಉಳಿದಿತ್ತು, ಅಷ್ಟೇ. ನಗದು ಕಟ್ಟುತ್ತೀರಾ ಎಂದು ಆ ಹುಡುಗ ಕೇಳಿದಾಗ ಹಿಂದಿದ್ದ ಸಾಲೆಲ್ಲ ನನ್ನನ್ನೇ ನೋಡುತ್ತಿತ್ತು. ಡ್ರಿಪ್ ಹಾಕಿಸಿಕೊಳ್ಳದೆ, ಕೈಗೆ ಕಟ್ಟಿದ್ದ ಪಟ್ಟಿಯನ್ನು ಅಲ್ಲಿಯೇ ಕತ್ತರಿಸಿಕೊಟ್ಟು ಬಂದೆ.

ಫೋನ್ ಮಾಡಿದರೆ ಅದೇ ಅಧಿಕಾರಿ, ಅದೇ ಬಾಯಿ: "ಪಾಲಿಸಿ ನೌಕರರಿಗೆ ಮಾತ್ರ ಮೇಡಂ, ನೀವು ಈಗ ನೌಕರರಲ್ಲವಲ್ಲ." ಮಾರ್ಚ್ ತನಕ ಐತಿ ಎಂದು ನೀವೇ ತೋರಿಸಿದಿರಲ್ಲ ಎಂದೆ. "ಕಾರ್ಡಿನಾಗೆ ಇದ್ದಿದ್ದು ತೋರಿಸಿದೆ, ನಾನೇನು ಬರೆದು ಕೊಟ್ಟಿದ್ನೇನ್ರಿ?" ಎಂದರು. ಕೊನೆಗೆ, ಮಾನವೀಯತೆಯ ದೃಷ್ಟಿಯಿಂದ ಅರ್ಧ ದಿನ ಕೊಟ್ಟಿದ್ದೇವೆ, ಉಪಕಾರ ಮರೆಯಬಾರದು ಎಂಬ ಉಪದೇಶವೂ ಬಂತು. ಆಯುಷ್ಮಾನ್ ಕಾರ್ಡ್ ಮಾಡಿಸಿಕೊಳ್ಳಿ ಎಂದೂ ಹೇಳಿದರು. ಎಪಿಎಲ್ ಕುಟುಂಬಕ್ಕೆ ಆ ಯೋಜನೆಯಲ್ಲಿ ಸಿಗುವುದು ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷ ರೂಪಾಯಿಯೊಳಗೆ ಎಂಬುದು ಅವರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೇಳಿದರೋ.

ವಿಮಾ ಕಂಪನಿಯ ಶಾಖೆಗೆ ಹೋದಾಗ ತಿಳಿದದ್ದು ಇನ್ನೂ ಹೊಟ್ಟೆ ಉರಿಸುವಂಥದ್ದು. ಗುಂಪು ವಿಮೆಯಿಂದ ಹೊರಬರುವ ಸದಸ್ಯರು ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗವಾಗುವುದಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಲ್ಲಿಯೇ ಅವಕಾಶವಿದೆ. ಕಂಪನಿ ಆರೋಗ್ಯ ಪರಿಶೀಲಿಸಿ ತೀರ್ಮಾನಿಸುತ್ತದೆ, ಆದರೆ ಹಳೆಯ ಕಾಯಿಲೆಗೆ ರಕ್ಷಣೆ ಶುರುವಾಗುವ ಮುನ್ನ ಕಾಯಬೇಕಾದ ಅವಧಿಯಲ್ಲಿ ಈಗಾಗಲೇ ಕಳೆದದ್ದು ಲೆಕ್ಕಕ್ಕೆ ಬರುತ್ತದೆ. ಹೊಸದಾಗಿ ಪಾಲಿಸಿ ಕೊಂಡರೆ ಮೊದಲೇ ಇದ್ದ ಕಾಯಿಲೆಗೆ 36 ತಿಂಗಳವರೆಗೂ ಕಾಯಿಸಬಹುದು. ನನಗೆ ಸಿಕ್ಕ ಉತ್ತರ ಒಂದೇ ಸಾಲು: "ಹೆಸರು ಇದ್ದಾಗಲೇ ಬರಬೇಕಿತ್ತು." ಹೆಸರು ತೆಗೆದದ್ದನ್ನು ನನಗೆ ತಿಳಿಸಿದ್ದೀರಾ ಎಂದರೆ, ತಿಳಿಸುವುದು ಸಂಸ್ಥೆಯ ಕೆಲಸ ಎಂದರು. ಸಂಸ್ಥೆಯನ್ನು ಕೇಳಿದರೆ ವಿಮಾ ಕಂಪನಿಯಿಂದ ಸಂದೇಶ ಬಂದಿರಬೇಕಲ್ಲ ಎಂದರು. ನಾನು ಮಾತ್ರ ಪಿ.ಜೆ. ಬಡಾವಣೆಗೂ ಹದಡಿ ರಸ್ತೆಗೂ ಅಲೆಯುತ್ತಿದ್ದೆ.

ಈ ಗಾಯದ ಮೇಲೆ ಒಬ್ಬ ಏಜೆಂಟ್ ಬಂದ. ಹೊಸ ಪಾಲಿಸಿ ಮಾಡಿಸುತ್ತೇನೆ, ಹಳೆಯದರ ಮುಂದುವರಿಕೆಯೇ ಸಿಗುತ್ತದೆ ಎಂದು ಕಂತು ಕಟ್ಟಿಸಿಕೊಂಡ. ಅರ್ಜಿಯ ಪ್ರತಿ ಕೈಗೆ ಬಂದಾಗ ನೋಡಿದರೆ, ಹಿಂದಿನ ಕಾಯಿಲೆಗಳಿವೆಯೇ ಎಂಬ ಪ್ರಶ್ನೆಯ ಮುಂದೆ "ಇಲ್ಲ" ಎಂದು ತುಂಬಿದ್ದಾನೆ! ಕೇಳಿದ್ದಕ್ಕೆ, "ಐದು ವರ್ಷ ಸುಮ್ನಿರ್ರಿ, ಆಮೇಲೆ ಯಾರೂ ಕೇಳಂಗಿಲ್ಲ" ಎಂದ. 60 ತಿಂಗಳು ಸತತವಾಗಿ ಪಾಲಿಸಿ ನಡೆದರೆ ಮಾಹಿತಿ ಮುಚ್ಚಿಟ್ಟ ಕಾರಣ ಕೊಟ್ಟು ಕ್ಲೇಮ್ ತಳ್ಳುವಂತಿಲ್ಲ ಎಂಬ ನಿಯಮ ಇರುವುದು ನಿಜ, ಆದರೆ ಅದರಲ್ಲಿಯೂ ಸಾಬೀತಾದ ವಂಚನೆಗೆ ರಿಯಾಯಿತಿ ಇಲ್ಲ. ಮೇಲಾಗಿ ನನಗೆ ಔಷಧಿ ಬೇಕಾಗಿರುವುದು ಐದು ವರ್ಷದ ನಂತರವಲ್ಲ, ಈಗ. ಪಾಲಿಸಿ ಕೈಸೇರಿದ 30 ದಿನದೊಳಗೆ ರದ್ದು ಮಾಡುವ ಹಕ್ಕು ಇದ್ದುದರಿಂದ ಆ ಹಣವಾದರೂ ಸ್ವಲ್ಪ ಕಡಿತವಾಗಿ ವಾಪಸ್ ಬಂತು.

ಇದೆಲ್ಲ ಯಾಕೆ ಮಾಡಿದರು ಎಂದು ಯೋಚಿಸಿದಾಗ ನನಗೆ ಹೊಳೆಯುವುದು ಒಂದೇ. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಅನ್ವಯವಾಗುವುದು ತಿಂಗಳ ಸಂಬಳ 21,000 ರೂಪಾಯಿಯವರೆಗೆ ಇರುವ ನೌಕರರಿಗೆ. ಅರ್ಧ ಸಂಬಳದ ಮೇಲೂ ನನ್ನನ್ನು ನೌಕರಳೆಂದೇ ಇಟ್ಟುಕೊಂಡಿದ್ದರೆ ಆ ಪ್ರಶ್ನೆ ಏಳುತ್ತಿತ್ತು, ಸಂಸ್ಥೆ ತನ್ನ ಪಾಲಿನ ಶೇ 3.25 ಕಟ್ಟಬೇಕಾಗಬಹುದಿತ್ತು, ನಾನು ನಿಟುವಳ್ಳಿಯ ಇಎಸ್‌ಐ ಆಸ್ಪತ್ರೆಯ ಬಾಗಿಲನ್ನಾದರೂ ತಟ್ಟಬಹುದಿತ್ತು. "ಸಲಹೆಗಾರರು" ಎಂಬ ಒಂದು ಪದದಿಂದ ಗುಂಪು ವಿಮೆ, ಭವಿಷ್ಯನಿಧಿ, ಇಎಸ್‌ಐ ಮೂರೂ ಒಟ್ಟಿಗೆ ಕೈಬಿಟ್ಟವು. ಇದು ನನ್ನ ಅನುಮಾನ; ಅವರು ಒಪ್ಪುವುದಿಲ್ಲ.

ಆದ್ದರಿಂದ, ಗಂಟೆ ಎಷ್ಟು ಎಂದು ಕೇಳುವುದಕ್ಕಿಂತ ಮೊದಲು ಪತ್ರದಲ್ಲಿ ನಿಮ್ಮನ್ನು ಏನೆಂದು ಕರೆಯುತ್ತಾರೆ ನೋಡಿ. ನೌಕರ ಎಂಬ ಪದ ಇಲ್ಲದಿದ್ದರೆ ಸಹಿ ಹಾಕಬೇಡಿ. ನಗುತ್ತಾ ಹೇಳಿದ ಮಾತನ್ನು ಮೇಲ್‌ನಲ್ಲಿ ಬರೆದು ಕಳಿಸಿ ಎನ್ನಿ; ಬರೆಯಲು ಹಿಂಜರಿದರೆ ಅದೇ ಉತ್ತರ. ಪಾಲಿಸಿ ಸಂಖ್ಯೆ ಕೊಟ್ಟು ನೇರವಾಗಿ ವಿಮಾ ಕಂಪನಿಯನ್ನೇ ವಿಚಾರಿಸಿ, ವೈಯಕ್ತಿಕ ಪಾಲಿಸಿಗೆ ವರ್ಗವಾಗುವ ಅರ್ಜಿಯನ್ನು ಹೆಸರು ಇರುವಾಗಲೇ ಕೊಟ್ಟು ಸ್ವೀಕೃತಿ ಪಡೆಯಿರಿ. ದೂರನ್ನು ಮೊದಲು ಕಂಪನಿಗೆ ಕೊಡಬೇಕು. ವಿಮಾ ನಿಯಂತ್ರಣ ಪ್ರಾಧಿಕಾರದ ಸಹಾಯವಾಣಿ 155255. ಕಂಪನಿ 30 ದಿನದಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಲೋಕಪಾಲರ ಕಚೇರಿಗೆ ಬರೆಯಬಹುದು, ಶುಲ್ಕವಿಲ್ಲ.

ನಾನು ಬರೆದಿದ್ದೇನೆ. ಆದರೆ ಲೋಕಪಾಲರು ವಿಚಾರಿಸುವುದು ವಿಮಾ ಕಂಪನಿಯನ್ನು, ನನ್ನ ಸಂಸ್ಥೆಯನ್ನಲ್ಲ. ಸಂಸ್ಥೆಯ ಮೇಲಿನ ದೂರನ್ನು ಕಾರ್ಮಿಕ ಇಲಾಖೆಗೆ ಬೇರೆಯಾಗಿ ಕೊಡುತ್ತಿದ್ದೇನೆ, ಆ ಪತ್ರದ ಪ್ರತಿಯನ್ನೂ ಟಿಡಿಎಸ್ ಕಡಿತದ ಚೀಟಿಗಳನ್ನೂ ಲಗತ್ತಿಸಿ.