ಲೈಸೆನ್ಸ್ ಸಿಕ್ಕ ಹೊಸದರಲ್ಲಿ ಗೆಳೆಯರ ಜೊತೆ ಫ್ರೀಫ್ಲೈ ಜಂಪ್‌ಗೆ ಹೋಗುವ ಮುಂಚೆ ಇದನ್ನು ಓದಿ

ಸ್ಕೈಡೈವಿಂಗ್ ಕಲಿತು ಈಗಷ್ಟೇ ಎ ಲೈಸೆನ್ಸ್ (ಶಿಕ್ಷಕರ ಕಣ್ಗಾವಲಿಲ್ಲದೆ ಹಾರಲು ಬೇಕಾದ ಮೊದಲ ಲೈಸೆನ್ಸ್) ತೆಗೆದುಕೊಂಡಿರುವ, ಅಥವಾ ತೆಗೆದುಕೊಳ್ಳಲು ಹೊರಟಿರುವ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೆಂಗಳೂರಿನಿಂದ ಥಾಯ್ಲೆಂಡ್, ದುಬೈ, ಸ್ಪೇನ್ ಕಡೆ ಹೋಗಿ ಕೋರ್ಸ್ ಮುಗಿಸಿ ಬರುವವರು ಈಗ ಇದ್ದಾರೆ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶನಿವಾರ ಸ್ಕೈಡೈವಿಂಗ್ ನಡೆಯುವ ಜಾಗಕ್ಕೆ, ಅಂದರೆ ಡ್ರಾಪ್‌ಜೋನ್‌ಗೆ ಹೋದರೆ ಪ್ಯಾರಾಚೂಟ್ ಮಡಚುವ ಜಾಗದಲ್ಲಿ ಕನ್ನಡದ ಮಾತು ಕಿವಿಗೆ ಬೀಳುತ್ತದೆ. ನಮ್ಮವರು ಈ ಆಟಕ್ಕೆ ಬರುತ್ತಿರುವುದು ನನಗೆ ನಿಜಕ್ಕೂ ಖುಷಿ. ಹಾಗಾಗಿಯೇ ಹೋದ ವರ್ಷ ನಮ್ಮ ಗುಂಪಿನಲ್ಲಿ ನಡೆದದ್ದನ್ನು ಮುಚ್ಚಿಡಬಾರದು ಅನ್ನಿಸಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗೊತ್ತಿಲ್ಲದವರ ಜೊತೆ ಜಂಪ್ ಮಾಡುವಾಗ ಎಲ್ಲರೂ ಪ್ರಶ್ನೆ ಕೇಳುತ್ತಾರೆ. ಎಷ್ಟು ಜಂಪ್ ಆಗಿದೆ, ಫ್ರೀಫ್ಲೈ ಎಲ್ಲಿ ಕಲಿತಿರಿ, ಎಷ್ಟು ಅಡಿಗೆ ಬೇರೆಯಾಗೋಣ, ಸ್ವಲ್ಪ ನಿಮ್ಮ ರಿಗ್ (ಬೆನ್ನಿಗೆ ಕಟ್ಟುವ ಪ್ಯಾರಾಚೂಟ್ ಚೀಲ) ತೋರಿಸಿ. ಗೆಳೆಯರ ಜೊತೆ ಇವು ಯಾವುದನ್ನೂ ಯಾರೂ ಕೇಳುವುದಿಲ್ಲ. ಕೇಳಿದರೆ ನಂಬಿಕೆ ಇಲ್ಲ ಅಂದುಕೊಂಡಾರು ಅನ್ನುವ ಸಂಕೋಚ. ನಮ್ಮ ಗೆಳತಿಯ ಭುಜದ ಮೂಳೆ ಮುರಿದದ್ದು ಈ ಸಂಕೋಚದಿಂದಲೇ.

ಹೊರಗಿನವರಿಗಾಗಿ ಸ್ವಲ್ಪ ಹಿನ್ನೆಲೆ. ಮಾಮೂಲಿ ಸ್ಕೈಡೈವಿಂಗ್‌ನಲ್ಲಿ ಹೊಟ್ಟೆ ಕೆಳಗೆ ಮಾಡಿ, ಕೈಕಾಲು ಚಾಚಿ ಬೀಳುತ್ತೇವೆ. ಆಗ ವೇಗ ಗಂಟೆಗೆ ಸುಮಾರು 190 ಕಿ.ಮೀ. ಫ್ರೀಫ್ಲೈ ಅಂದರೆ ಗಾಳಿಯಲ್ಲಿ ಕುರ್ಚಿಯ ಮೇಲೆ ಕೂತ ಹಾಗೆ, ನಿಂತ ಹಾಗೆ, ಅಥವಾ ತಲೆ ಕೆಳಗಾಗಿ ಬೀಳುವುದು. 1990ರ ದಶಕದಲ್ಲಿ ಓಲಾವ್ ಜಿಪ್ಸರ್ ಮತ್ತು ಅವರ ಜೊತೆಗಾರರು ಇದನ್ನು ಒಂದು ಬೇರೆ ವಿದ್ಯೆಯಾಗಿಯೇ ಬೆಳೆಸಿದರು. ನೋಡಲು ತುಂಬಾ ಚೆಂದ. ಆದರೆ ಗಾಳಿಗೆ ಒಡ್ಡುವ ಮೈ ಕಡಿಮೆ, ಹಾಗಾಗಿ ವೇಗ ಜಾಸ್ತಿ. ಕೂತರೆ 240 ದಾಟುತ್ತದೆ. ತಲೆ ಕೆಳಗೆ ಮಾಡಿದರೆ 280ರ ಹತ್ತಿರ ಹೋಗಬಹುದು.

ಅಪಾಯ ಬರುವುದು ಈ ಎರಡು ವೇಗಗಳ ನಡುವಿನ ವ್ಯತ್ಯಾಸದಿಂದ. ಕೂತ ಭಂಗಿಯಲ್ಲಿ ಬೀಳುತ್ತಿರುವವರು ಹತೋಟಿ ತಪ್ಪಿ ಮಲಗಿದ ಭಂಗಿಗೆ ಬಂದರೆ ತಕ್ಷಣ ನಿಧಾನವಾಗುತ್ತಾರೆ. ಪಕ್ಕದವರ ಕಣ್ಣಿಗೆ ಅವರು ಮೇಲಕ್ಕೆ ಚಿಮ್ಮಿದ ಹಾಗೆ ಕಾಣುತ್ತದೆ, ಬಾವಿಯ ನೀರಿನೊಳಗೆ ಒತ್ತಿ ಹಿಡಿದ ಖಾಲಿ ಕೊಡವನ್ನು ಕೈಬಿಟ್ಟ ಹಾಗೆ. ಇದಕ್ಕೆ ಕಾರ್ಕಿಂಗ್ ಅನ್ನುತ್ತಾರೆ. ಆ ಹೊತ್ತಿಗೆ ಅವರ ನೆತ್ತಿಯ ಮೇಲೆ ಇನ್ನೊಬ್ಬರು ಇದ್ದರೆ ಗಂಟೆಗೆ 50 ಕಿ.ಮೀ.ಗೂ ಮೀರಿದ ವೇಗದಲ್ಲಿ ಡಿಕ್ಕಿ. ಕಲಿಯುವ ಹೊಸದರಲ್ಲಿ ಎಲ್ಲರಿಗೂ ಹೀಗೆ ಹತೋಟಿ ತಪ್ಪುತ್ತದೆ. ಅದು ಕಲಿಕೆಯ ಭಾಗ. ಅದಕ್ಕೇ ಮೊದಮೊದಲು ಒಬ್ಬರೇ, ಆಮೇಲೆ ಕೋಚ್ ಜೊತೆ ಒಬ್ಬರಿಗೊಬ್ಬರು ಮಾತ್ರ ಮಾಡಬೇಕು ಅನ್ನುವುದು.

ನಮ್ಮದು ಐದು ಜನರ ಗುಂಪು. ಕನ್ನಡ ಕೂಟದ ಪಿಕ್ನಿಕ್‌ನಲ್ಲಿ ಪರಿಚಯವಾದವರು, ವಾಲಿಬಾಲ್ ಆಡಿದವರು, ಒಬ್ಬರ ಮನೆಯಲ್ಲಿ ಒಬ್ಬರು ಉಂಡವರು. ಅವರಲ್ಲಿ ಒಬ್ಬ ಗೆಳೆಯನಿಗೆ ಮಾತ್ರ ನೂರಾರು ಜಂಪ್‌ಗಳ ಅನುಭವ. ಶಿವಮೊಗ್ಗದ ಹುಡುಗ ಎ ಲೈಸೆನ್ಸ್ ತೆಗೆದುಕೊಂಡು ಬಹಳ ದಿನ ಆಗಿರಲಿಲ್ಲ. ಎ ಲೈಸೆನ್ಸ್‌ಗೆ ಬೇಕಾದದ್ದು 25 ಜಂಪ್. ಅವನದು ನಲವತ್ತರ ಆಸುಪಾಸು. ಹುಬ್ಬಳ್ಳಿಯ ಗೆಳತಿಗೆ ಅದಕ್ಕಿಂತ ಸ್ವಲ್ಪ ಜಾಸ್ತಿ. ನಾನು ಮತ್ತು ಮಂಗಳೂರಿನವನು ಕೋಚ್ ಇಟ್ಟುಕೊಂಡು ಕೂತು ಬೀಳುವ ಸಿಟ್‌ಫ್ಲೈ ಕಲಿಯುತ್ತಿದ್ದೆವು.

ಮೇ ತಿಂಗಳ ಲಾಂಗ್ ವೀಕೆಂಡ್. ಸೆಂಟ್ರಲ್ ವ್ಯಾಲಿಯ ಒಂದು ಡ್ರಾಪ್‌ಜೋನ್. ಹೆಸರು ಬೇಡ. ಹಿರಿಯ ಗೆಳೆಯ ಎಲ್ಲರ ಹೆಸರನ್ನೂ ವಿಮಾನದ ಒಂದೇ ಸುತ್ತಿಗೆ, ಒಂದೇ ಲೋಡ್‌ಗೆ ಬರೆಸಿದ. ಐದು ಜನ ಸೇರಿ ಫ್ರೀಫ್ಲೈ, ವಿಡಿಯೊ ಚೆನ್ನಾಗಿ ಬರುತ್ತದೆ ಅಂದ. ಹುಡುಗನ ಹೆಲ್ಮೆಟ್‌ಗೆ ಗೋಪ್ರೊ ಕೂಡ ಸಿಕ್ಕಿಸಿದ. ಅಮೆರಿಕದ ಪ್ಯಾರಾಚೂಟ್ ಅಸೋಸಿಯೇಷನ್, ಅಂದರೆ ಯುಎಸ್‌ಪಿಎ, ಕ್ಯಾಮೆರಾ ಹಾಕಿಕೊಳ್ಳಲು ಸಿ ಲೈಸೆನ್ಸ್ ಮತ್ತು 200 ಜಂಪ್ ಆಗಿರಲಿ ಅನ್ನುತ್ತದೆ. ಕೌಂಟರ್‌ನಲ್ಲಿ ಲೈಸೆನ್ಸ್ ನೋಡಿದರು, ಅಷ್ಟೇ. ಫ್ರೀಫ್ಲೈಗೆ ಅಂತ ಬೇರೆ ಲೈಸೆನ್ಸ್ ಇಲ್ಲ. ಎ ಲೈಸೆನ್ಸ್ ಇದ್ದವರು ಯಾರ ಜೊತೆ ಬೇಕಾದರೂ ಹಾರಬಹುದು, ತಡೆಯುವವರು ಯಾರೂ ಇಲ್ಲದಿರಬಹುದು. ಇದು ನೆನಪಿರಲಿ.

ನೆಲದ ಮೇಲೆ ಜಂಪನ್ನು ಒಮ್ಮೆ ನಡೆದು ನೋಡುವ ರೂಢಿ ಇದೆ. ಡರ್ಟ್ ಡೈವ್ ಅನ್ನುತ್ತಾರೆ. ಯಾರು ಮೊದಲು ಬಾಗಿಲು ಬಿಡುವುದು, ಯಾರು ಯಾವ ಕಡೆ ಮುಖ ಮಾಡುವುದು, ಎಷ್ಟು ಅಡಿಗೆ ದೂರ ಸರಿಯುವುದು, ಎಲ್ಲ ಅಲ್ಲೇ ಮುಗಿಯಬೇಕು. ಅವತ್ತು ಅದು ಆಗಲಿಲ್ಲ. ಬ್ರೇಕ್ ಆಫ್, ಅಂದರೆ ಒಬ್ಬರಿಂದೊಬ್ಬರು ದೂರ ಸರಿಯುವುದು, ಎಷ್ಟಕ್ಕೆ ಅಂತ ನಾನು ಕೇಳಿದೆ. "ಮೇಲೆ ಹೋಗ್ತಾ ಹೇಳ್ತೀನಿ, ಗಾಬರಿ ಯಾಕೆ, ನಾವು ನಾವೇ ಅಲ್ವಾ" ಅಂದ. ಟ್ವಿನ್ ಆಟರ್ ವಿಮಾನದ ಸದ್ದಿನಲ್ಲಿ ಹೇಳುವುದೇನು, ಕೇಳುವುದೇನು? ಐದು ಬೆರಳು ತೋರಿಸಿದ. ಐದು ಸಾವಿರ ಅಡಿ ಅಂತ ನಾನು ಅರ್ಥ ಮಾಡಿಕೊಂಡೆ. ಐದು ಜನರೂ ಒಟ್ಟಿಗೆ ಬಾಗಿಲಿಗೆ ಬನ್ನಿ ಅಂದ ಅಂತ ಹುಬ್ಬಳ್ಳಿಯ ಗೆಳತಿ ಅಂದುಕೊಂಡಳಂತೆ.

13,000 ಅಡಿ. ಹೊಟ್ಟೆ ಮೇಲೆ ಬೀಳುವ ಗುಂಪುಗಳು ಮೊದಲು ಹೋದವು. ನಿಧಾನ ಬೀಳುವವರನ್ನು ಗಾಳಿ ಜಾಸ್ತಿ ದೂರ ತಳ್ಳುತ್ತದೆ, ಅದಕ್ಕೆ ಆ ಕ್ರಮ. ನಮ್ಮ ಹಿಂದೆ ಶಿಕ್ಷಕರಿಗೆ ಕಟ್ಟಿಕೊಂಡು ಹಾರುವ ಟ್ಯಾಂಡಮ್‌ನವರು. ಹಿರಿಯ ಗೆಳೆಯ, ಹುಡುಗ ಮತ್ತು ನಾನು ಒಟ್ಟಿಗೆ ಬಿಟ್ಟೆವು. ಉಳಿದ ಇಬ್ಬರು ಒಂದೆರಡು ಸೆಕೆಂಡ್ ತಡವಾಗಿ ಬಾಗಿಲು ಬಿಟ್ಟರು. ಆಕಾಶದಲ್ಲಿ ಒಂದೆರಡು ಸೆಕೆಂಡ್ ಅಂದರೆ ಅವರು ನಮಗಿಂತ ತುಂಬಾ ಮೇಲೆ ಇದ್ದ ಹಾಗೆ. ನಮ್ಮನ್ನು ಸೇರಬೇಕಾದರೆ ತಲೆ ಕೆಳಗೆ ಮಾಡಿ ಡೈವ್ ಹೊಡೆಯಬೇಕು. ಮಂಗಳೂರಿನವನು ಕೈಬಿಟ್ಟು ದೂರವೇ ಉಳಿದ. ಒಳ್ಳೆಯದೇ ಮಾಡಿದ. ಗೆಳತಿ ಡೈವ್ ಹೊಡೆದಳು.

ಹುಡುಗ ನನ್ನ ಎದುರಿಗೇ ಕೂತ ಭಂಗಿಯಲ್ಲಿದ್ದ. ಹಿರಿಯ ಗೆಳೆಯ ಕೈ ಚಾಚಿ, ಹಿಡಿ ಅನ್ನುವ ಹಾಗೆ ಸನ್ನೆ ಮಾಡಿದ. ಹುಡುಗ ಮುಂದಕ್ಕೆ ಬಾಗಿದ. ಕಾಲು ಹಿಂದಕ್ಕೆ ಹೋಯಿತು, ಹೊಟ್ಟೆ ಗಾಳಿಗೆ ಸಿಕ್ಕಿತು, ಮರುಕ್ಷಣ ಅವನು ನನ್ನ ಕಣ್ಣೆದುರು ಇರಲಿಲ್ಲ. ತಲೆಯೆತ್ತಿ ನೋಡಿದೆ. ಮೇಲಿಂದ ಬರುತ್ತಿದ್ದ ಗೆಳತಿಗೆ ಅವನು ಡಿಕ್ಕಿ ಹೊಡೆದಿದ್ದ, ಇಬ್ಬರೂ ಬೇರೆ ಬೇರೆ ಕಡೆಗೆ ಗಿರಗಿರ ತಿರುಗುತ್ತಾ ಹೋಗುತ್ತಿದ್ದರು. ಸದ್ದು ಏನೂ ಕೇಳಿಸಲಿಲ್ಲ, ಬರೀ ಗಾಳಿ. ಅಷ್ಟರಲ್ಲಿ ಹೆಲ್ಮೆಟ್‌ನೊಳಗಿನ ಎತ್ತರ ಹೇಳುವ ಆಲ್ಟಿಮೀಟರ್ ಬೀಪ್ ಹೊಡೆಯಿತು. ನಾನು ತಿರುಗಿ ದೂರ ಸರಿದು ಪ್ಯಾರಾಚೂಟ್ ತೆರೆದೆ. ತೆರೆದ ಮೇಲೆ ಮಾಡಿದ ಮೊದಲ ಕೆಲಸ ಎಣಿಸುವುದು. ನನ್ನದು ಬಿಟ್ಟು ಮೂರು ಬಣ್ಣದ್ದು ಇದ್ದವು. ತುಂಬಾ ಹೊತ್ತಿನ ಮೇಲೆ, ತೀರಾ ಕೆಳಗೆ, ಒಂದು ಬಿಳಿಯದು ಕಾಣಿಸಿತು. ಬಿಳಿ ಅಂದರೆ ಸಾಮಾನ್ಯವಾಗಿ ರಿಸರ್ವ್, ಮುಖ್ಯ ಪ್ಯಾರಾಚೂಟ್ ಕೈಕೊಟ್ಟರೆ ಅಂತ ಇರುವ ಎರಡನೆಯದು.

ಅವಳು ಆ ಹೊತ್ತಿನಲ್ಲಿ ಏನು ಮಾಡಿದಳು ಅನ್ನುವುದನ್ನು ಹೇಳಲೇಬೇಕು, ಯಾಕೆಂದರೆ ಅದರಿಂದಲೇ ಅವಳು ಬದುಕಿದ್ದಾಳೆ. ಬಲ ಕಾಲರ್‌ಬೋನ್ ಮುರಿದಿತ್ತು. ಬಲಗೈ ಅಲ್ಲಾಡಲಿಲ್ಲ. ಮುಖ್ಯ ಪ್ಯಾರಾಚೂಟಿನ ಹಿಡಿಕೆ ಇರುವುದು ಬೆನ್ನಚೀಲದ ಕೆಳಗೆ ಬಲಗಡೆ. ಎಡಗೈಯನ್ನು ಹಿಂದಕ್ಕೆ ತಿರುಚಿ ಅದನ್ನು ಹುಡುಕುತ್ತಾ ಅವಳು ಹೊತ್ತು ಕಳೆಯಲಿಲ್ಲ. ಎಡ ಎದೆಯ ಹತ್ತಿರ ಇರುವ ರಿಸರ್ವ್ ಹಿಡಿಕೆಯನ್ನು ಎಡಗೈಯಿಂದಲೇ ನೇರವಾಗಿ ಎಳೆದಳು. ತಾನೇ ರಿಸರ್ವ್ ಬಿಡಿಸುವ ಯಂತ್ರ, ಎಎಡಿ, ಇತ್ತು ನಿಜ. ಹೆಲ್ಮುಟ್ ಕ್ಲೋತ್ 1991ರಲ್ಲಿ ತಂದ ಸೈಪ್ರೆಸ್‌ನಂಥ ಯಂತ್ರಗಳು ಸುಮಾರು 750 ಅಡಿಯಲ್ಲೂ ನೀವು ವೇಗವಾಗಿ ಬೀಳುತ್ತಿದ್ದರೆ ರಿಸರ್ವ್ ತಾವೇ ಬಿಡಿಸುತ್ತವೆ. ಎಷ್ಟೋ ಜೀವ ಉಳಿಸಿವೆ. ಆದರೆ ಆ ವೇಗದಲ್ಲಿ 750 ಅಡಿ ಅಂದರೆ ನೆಲಕ್ಕೆ ಉಳಿದಿರುವುದು ನಾಲ್ಕೈದು ಸೆಕೆಂಡ್. ಅವಳು ಅದಕ್ಕಾಗಿ ಕಾಯಲಿಲ್ಲ. ಒಂದೇ ಕೈ ಆದ್ದರಿಂದ ಪ್ಯಾರಾಚೂಟ್ ತಿರುಗಿಸುವ ಬ್ರೇಕ್ ಹಗ್ಗ ಬಿಚ್ಚದೆ, ಅದನ್ನು ಹೊತ್ತ ಹಿಂದಿನ ಪಟ್ಟಿಯನ್ನು ಎಳೆದು ದಿಕ್ಕು ತಿರುಗಿಸಿ, ಬಾದಾಮಿ ತೋಟ ತಪ್ಪಿಸಿ, ಉತ್ತ ಹೊಲದಲ್ಲಿ ಕಾಲು ಜೋಡಿಸಿ ಉರುಳಿದಳು. ಪಾಠ ಮಾಡಿದ ಶಿಕ್ಷಕರಿಗೆ ನೂರು ನಮಸ್ಕಾರ.

ಹುಡುಗನ ಮೊಣಕಾಲು ಊದಿತ್ತು. ತಲೆ ಸುತ್ತಿ, ಎತ್ತರದ ಅಂದಾಜೇ ಹೋಗಿ, 2,000 ಅಡಿಯ ಹತ್ತಿರ ತೆರೆದಿದ್ದ. ಎ ಲೈಸೆನ್ಸ್‌ನವರು 3,000 ಅಡಿಗಿಂತ ಕೆಳಗೆ ಹೋಗುವ ಮುಂಚೆ ತೆರೆಯಬೇಕು ಅನ್ನುವುದು ನಿಯಮ. ಸಂಜೆ ಅಲ್ಲಿನ ರಿಗ್ಗರ್ (ಪ್ಯಾರಾಚೂಟ್ ಸಾಮಾನು ಪರೀಕ್ಷಿಸಿ ರಿಪೇರಿ ಮಾಡುವವರು) ಅವನ ರಿಗ್ ಎತ್ತಿಕೊಂಡು ನೋಡಿದರು. ಸೆಕೆಂಡ್‌ಹ್ಯಾಂಡ್ ರಿಗ್, ಕೊಡಿಸಿದ್ದು ಅದೇ ಹಿರಿಯ ಗೆಳೆಯ. ಪೈಲಟ್ ಚೂಟ್, ಅಂದರೆ ಮುಖ್ಯ ಪ್ಯಾರಾಚೂಟನ್ನು ಹೊರಗೆಳೆಯುವ ಪುಟ್ಟ ಪ್ಯಾರಾಚೂಟ್, ಇಡುವ ಪೌಚಿನ ಎಲಾಸ್ಟಿಕ್ ಜೋತು ಬಿದ್ದಿತ್ತು. ಎರಡೇ ಬೆರಳಲ್ಲಿ ಪೈಲಟ್ ಚೂಟ್ ಹೊರಗೆ ಬಂತು. ಕಾಲಿನ ಪಟ್ಟಿಗಳನ್ನು ಹಿಡಿದಿಡುವ ಎಲಾಸ್ಟಿಕ್ ಹಗ್ಗ, ಬಂಜಿ, ಇರಲಿಲ್ಲ. ಹೊಟ್ಟೆ ಮೇಲೆ ಬೀಳುವವರಿಗೆ ಇದೆಲ್ಲ ಅಷ್ಟಾಗಿ ಗೊತ್ತಾಗುವುದಿಲ್ಲ. ಕೂತರೆ, ತಲೆಕೆಳಗಾದರೆ, ಗಾಳಿ ಬೇರೆ ಕಡೆಯಿಂದ ನುಗ್ಗುತ್ತದೆ. ಪೈಲಟ್ ಚೂಟ್ ತಾನೇ ಹೊರಬಂದರೆ 250 ಕಿ.ಮೀ. ವೇಗದಲ್ಲಿ ಪ್ಯಾರಾಚೂಟ್ ತೆರೆದುಕೊಳ್ಳುತ್ತದೆ. ಆ ಹೊಡೆತಕ್ಕೆ ಬಟ್ಟೆ ಹರಿಯಬಹುದು, ಕತ್ತು ಮುರಿಯಬಹುದು. ಮೇಲಿರುವವರು ನೇರ ಅದರೊಳಕ್ಕೆ ನುಗ್ಗಬಹುದು. ರಿಗ್ಗರ್ ಜೋರು ಮಾಡಲಿಲ್ಲ. ಇದನ್ನು ಹಾಕಿಕೊಂಡು ಫ್ರೀಫ್ಲೈ ಮಾಡಬೇಡ ಅಂತ ಹುಡುಗನಿಗೆ ಹೇಳಿ ರಿಗ್ಗನ್ನು ತಮ್ಮಲ್ಲೇ ಇಟ್ಟುಕೊಂಡರು.

ಗೆಳತಿಗೆ ಆಪರೇಷನ್ ಆಯಿತು, ಪ್ಲೇಟ್ ಹಾಕಿದರು. ತಿಂಗಳುಗಟ್ಟಲೆ ಫಿಸಿಯೋಥೆರಪಿ. ಹುಬ್ಬಳ್ಳಿಯಿಂದ ಅವಳ ತಾಯಿ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. "ಯಾರ ಜೋಡಿ ಹೋಗಿದ್ದಿ?" ಅಂತ ಒಂದೇ ಸಮ ಕೇಳುತ್ತಿದ್ದರು. "ನಮ್ಮವ್ರ ಜೋಡಿನ ಹೋಗಿದ್ದೆ, ಅವ್ವಾ" ಅಂದಳು. ಆ ಮಾತಿನಿಂದ ಅವರಿಗೆ ಸಮಾಧಾನ ಆಯಿತು. ನನಗೆ ಆಗಲಿಲ್ಲ.

ದುಡ್ಡಿನ ವಿಷಯವೂ ಹೇಳುತ್ತೇನೆ, ಭಾರತದಿಂದ ಬರುವವರಿಗೆ ಇದು ಗೊತ್ತಿರುವುದಿಲ್ಲ. ಯುಎಸ್‌ಪಿಎ ಸದಸ್ಯತ್ವದ ಜೊತೆ ಬರುವ ವಿಮೆ ನೀವು ಬೇರೆಯವರಿಗೆ ಮಾಡಿದ ಹಾನಿಗೆ. ನಿಮ್ಮ ಆಸ್ಪತ್ರೆ ಬಿಲ್ಲಿಗೆ ಅಲ್ಲ. ಗೆಳತಿಗೆ ಕೆಲಸದ ಕಡೆಯ ವಿಮೆ ಇತ್ತು, ಬಚಾವಾದಳು. ಪ್ರವಾಸಕ್ಕೆ ಅಂತ ಮಾಡಿಸುವ ಸಾಮಾನ್ಯ ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ಸ್ಕೈಡೈವಿಂಗ್ ಬಹಳ ಸಲ ಸೇರಿರುವುದಿಲ್ಲ. ಪಾಲಿಸಿಯ ಸಣ್ಣ ಅಕ್ಷರ ಓದಿ. ಡ್ರಾಪ್‌ಜೋನ್‌ನಲ್ಲಿ ಸಹಿ ಹಾಕುವ ಆ ದಪ್ಪ ಕಾಗದದಲ್ಲಿ ಕೇಸ್ ಹಾಕುವ ಹಕ್ಕನ್ನು ಬಿಟ್ಟುಕೊಟ್ಟಿರುತ್ತೀರಿ.

ಸ್ಕೈಡೈವಿಂಗೇ ಬೇಡ ಅನ್ನುವವನಲ್ಲ ನಾನು. ಅಮೆರಿಕದಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ಜಂಪ್ ನಡೆಯುತ್ತವೆ. 2023ರಲ್ಲಿ ಸತ್ತವರು 10 ಮಂದಿ. ಕಲಿಸುವ ವ್ಯವಸ್ಥೆ ಅಷ್ಟು ಗಟ್ಟಿಯಾಗಿದೆ. ಆ ವ್ಯವಸ್ಥೆಯನ್ನು ದಾಟಿ, ಗೆಳೆತನದ ಭರವಸೆಯ ಮೇಲೆ ಹಾರುವುದು ಬೇಡ ಅನ್ನುತ್ತಿದ್ದೇನೆ. ಫ್ರೀಫ್ಲೈ ಕಲಿಯುವ ಆಸೆ ಇದ್ದರೆ ಮೊದಲು ವಿಂಡ್ ಟನಲ್‌ಗೆ ಹೋಗಿ. ಹೈದರಾಬಾದ್‌ನಲ್ಲೇ ಈಗ ಒಂದಿದೆ, ಬೆಂಗಳೂರಿನಿಂದ ಒಂದು ರಾತ್ರಿಯ ಬಸ್ಸು. ಅಲ್ಲಿ ಹತೋಟಿ ತಪ್ಪಿದರೆ ಹಿಡಿದುಕೊಳ್ಳಲು ಕೋಚ್ ಪಕ್ಕದಲ್ಲೇ ಇರುತ್ತಾರೆ. ಆಕಾಶದಲ್ಲಿ ಒಬ್ಬರೇ ಮಾಡುವಾಗ ವಿಮಾನ ಹೋಗುವ ದಿಕ್ಕಿಗೆ ಅಡ್ಡವಾಗಿ ಮುಖ ಮಾಡಿ ಕೂತುಕೊಳ್ಳಿ. ಕೂತ ಭಂಗಿಯಲ್ಲಿ ಗೊತ್ತಾಗದೆ ಹಿಂದಕ್ಕೋ ಮುಂದಕ್ಕೋ ಜಾರುತ್ತೀರಿ, ವಿಮಾನದ ಹಾದಿಯಲ್ಲೇ ಜಾರಿದರೆ ನಿಮ್ಮ ನಂತರ ಹಾರಿದ ಗುಂಪಿನ ಕೆಳಗೋ ಮೊದಲು ಹಾರಿದ ಗುಂಪಿನ ಮೇಲೋ ಹೋಗಿ ಸೇರುತ್ತೀರಿ. ರಿಗ್ಗನ್ನು ರಿಗ್ಗರ್‌ಗೆ ತೋರಿಸಿ, ಫ್ರೀಫ್ಲೈಗೆ ಆಗುತ್ತಾ ಅಂತಲೇ ಕೇಳಿ. ಕೊಡಿಸಿದ ಗೆಳೆಯನ ಮಾತು ಸಾಲದು.

ವಿಮಾನ ಹತ್ತಿದ ಮೇಲೆ ಮನಸ್ಸು ಒಪ್ಪದಿದ್ದರೆ ಹಾರಲೇಬೇಕು ಅಂತ ಇಲ್ಲ. ವಿಮಾನದಲ್ಲೇ ಕೂತು ಕೆಳಗೆ ಬರಬಹುದು, ಪೈಲಟ್‌ಗಳಿಗೆ ಅದು ಹೊಸದಲ್ಲ. ಅಥವಾ ಗುಂಪು ಹೋದ ಮೇಲೆ ಸಾಕಷ್ಟು ಅಂತರ ಬಿಟ್ಟು, ಹಿಂದಿನವರಿಗೂ ಹೇಳಿ, ಒಬ್ಬರೇ ಹೋಗಬಹುದು.

ಆ ಹಿರಿಯ ಗೆಳೆಯನ ಹತ್ತಿರ ನಾನು ನೇರವಾಗಿ ಮಾತಾಡಿದೆ. ಇಂಥದ್ದು ಆಗುತ್ತಿರುತ್ತದೆ ಅಂದ. ಮತ್ತೆ ಈ ಬೇಸಿಗೆಗೂ ಹೊಸಬರನ್ನು ಸೇರಿಸಿಕೊಂಡು ದೊಡ್ಡ ಜಂಪ್ ಮಾಡುವ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಕ್ಯಾಲಿಫೋರ್ನಿಯಾದಲ್ಲಿರುವ ನಿಮಗೂ ಆ ಕರೆ ಬಂದಿರಬಹುದು. ಬಂದಿದ್ದರೆ ಅದೇ ಗುಂಪಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ ಬರೆದು ಕೇಳಿ: ಒಬ್ಬೊಬ್ಬರದೂ ಎಷ್ಟು ಜಂಪ್, ಕೂತ ಭಂಗಿಯಲ್ಲಿ ಎಲ್ಲರಿಗೂ ಹತೋಟಿ ಇದೆಯಾ, ಕೋಚ್ ಯಾರು, ಡರ್ಟ್ ಡೈವ್ ಎಷ್ಟು ಗಂಟೆಗೆ, ಬ್ರೇಕ್ ಆಫ್ ಎಷ್ಟು ಅಡಿಗೆ. ಉತ್ತರ ಬರುವವರೆಗೆ ಹೆಸರು ಬರೆಸಬೇಡಿ.